ಮಕ್ಕಳಿಗೆ ಮೌನದ ಬಾಗಿಲು ತೆರೆದ ಮಾಂಟೆಸ್ಸರಿ

ನಮ್ಮ ಊರುಗಳ ಬೀದಿಬೀದಿಗಳಲ್ಲಿ ‘ಮಾಂಟೆಸ್ಸರಿ’ ಎಂಬ ಫಲಕ ಹೊತ್ತ ಶಿಶುವಿಹಾರಗಳಿವೆ. ಆದರೆ ಅದು ಒಬ್ಬ ಕಥೋಲಿಕ ಮಹಿಳೆಯ ಹೆಸರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪುಟ್ಟ ಮಕ್ಕಳೂ ಮೌನದಲ್ಲಿ ಕುಳಿತು ಕಿವಿಗೊಡಬಲ್ಲರು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಅವರು.

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲೆಯಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಶಾಸ್ತ್ರ ಓದುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರು. ಅವರ ಬಾಳಿನಲ್ಲಿ ಆಳವಾದ ನೋವೊಂದಿತ್ತು. 1898ರಲ್ಲಿ, ವಿವಾಹವಾಗದೆಯೇ ತಾಯಿಯಾದ ಅವರು ತಮ್ಮ ಮಗ ಮಾರಿಯೋನನ್ನು ಹಳ್ಳಿಯ ಕುಟುಂಬವೊಂದರ ಮಡಿಲಿಗೆ ಒಪ್ಪಿಸಬೇಕಾಯಿತು. ಮಗ ತಾಯಿಯ ಬಳಿ ಬಂದು ನೆಲೆಸಿದ್ದು ಹದಿನೈದರ ಹರೆಯದಲ್ಲಿ. ತನ್ನ ಕೂಸನ್ನು ಎತ್ತಿ ಆಡಿಸಲಾಗದ ಆ ವರ್ಷಗಳಲ್ಲೇ ಅವರು ಬಡವರ ಮಕ್ಕಳಿಗೆ ತಾಯಿಯಾದರು.

1907ರ ಜನವರಿ 6, ಮೂರು ರಾಯರ ಹಬ್ಬ. ಅಂದು ರೋಮಿನ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ ಅವರ ‘ಮಕ್ಕಳ ಮನೆ’ ಆರಂಭವಾಯಿತು. ತಂದೆತಾಯಿ ದುಡಿಮೆಗೆ ಹೋದ ಮೇಲೆ ಹೇಳುವವರು ಕೇಳುವವರಿಲ್ಲದೆ, ಕಟ್ಟಡದ ಗೋಡೆಗಳನ್ನು ಕೆಡಿಸುತ್ತಾ ಅಲೆಯುತ್ತಿದ್ದ ಮಕ್ಕಳು ಅಲ್ಲಿದ್ದರು.

ಒಂದು ದಿನ ಮಾಂಟೆಸ್ಸರಿಯವರು ಅಂಗಳದಲ್ಲಿದ್ದ ತಾಯಿಯೊಬ್ಬಳಿಂದ ನಾಲ್ಕು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ತರಗತಿಗೆ ಬಂದರು. ಕೂಸು ಎಷ್ಟು ಶಾಂತವಾಗಿದೆ, ಅದರ ಉಸಿರು ಎಷ್ಟು ಮೆಲುವಾಗಿದೆ ಎಂದು ಮಕ್ಕಳಿಗೆ ತೋರಿಸಿದರು. ಅದರಂತೆ ಇರಲು ಅವರಿಗೆ ಆಗದೇನೋ ಎಂದು ನಗುತ್ತಾ ಕೆಣಕಿದರು. ಮಕ್ಕಳು ಕೈಕಾಲು ಅಲುಗಿಸದೆ, ಉಸಿರು ಬಿಗಿಹಿಡಿದು ಕುಳಿತೇಬಿಟ್ಟರು. ಅದುವರೆಗೆ ಯಾರ ಕಿವಿಗೂ ಬೀಳದಿದ್ದ ಗಡಿಯಾರದ ಸದ್ದು ಕೇಳಿಸತೊಡಗಿತು!

ಇದೇ ಮುಂದೆ ‘ಮೌನದ ಪಾಠ’ವಾಯಿತು. ಮಕ್ಕಳು ಹೀಗೆ ಕುಳಿತಾಗ ಅವರು ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುದನಿಯಲ್ಲಿ ಕರೆಯುತ್ತಿದ್ದರು. ಕರೆ ಕೇಳಿದ ಮಗು ಮೇಜು ಕುರ್ಚಿ ತಾಗದಂತೆ ತುದಿಗಾಲಲ್ಲಿ ನಡೆದು ಬರುತ್ತಿತ್ತು. ಇದ್ದವರು ನಲವತ್ತಕ್ಕೂ ಹೆಚ್ಚು ಮಕ್ಕಳು. ಕೊನೆಯ ಮಗು ಎಷ್ಟು ಹೊತ್ತು ಕಾದಿರಬೇಕು! ಆ ತಾಳ್ಮೆಗೆ ಬಹುಮಾನವಾಗಿ ಮಿಠಾಯಿ ಕೊಡಹೋದರೆ ಮಕ್ಕಳು ಬೇಡವೆಂದರು. ಮೌನವೇ ಅವರಿಗೆ ಸಿಹಿಯಾಗಿತ್ತು.

ಗದರಿಸಿ ಬಾಯಿ ಮುಚ್ಚಿಸುವುದು ಮೌನವಲ್ಲ. ತುಟಿ ಮುಚ್ಚಿದರೂ ಮನಸ್ಸು ಎಲ್ಲೋ ಓಡುತ್ತಿರುತ್ತದೆ. ಮಗು ತಾನೇ ಬಯಸಿ, ತನ್ನ ದೇಹವನ್ನು ತಾನೇ ಹಿಡಿತಕ್ಕೆ ತಂದುಕೊಂಡಾಗ ಹುಟ್ಟುವುದು ನಿಜವಾದ ಮೌನ. ಅದು ಇನ್ನೂ ಪ್ರಾರ್ಥನೆಯಲ್ಲ, ನಿಜ. ಆದರೆ ಪ್ರಾರ್ಥನೆಯ ಬೀಜ ಬೀಳಲು ಹದಗೊಂಡ ನೆಲ.

ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಆ ನೆಲಕ್ಕೆ ಬೀಜ ಬಿತ್ತಲಾಯಿತು. ಮಕ್ಕಳ ಎತ್ತರಕ್ಕೆ ತಕ್ಕ ಪೀಠೋಪಕರಣಗಳುಳ್ಳ ಪುಟ್ಟ ಪ್ರಾರ್ಥನಾಲಯ ಸಿದ್ಧವಾಯಿತು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆಂದು ತಿಳಿಯಲು ಮಕ್ಕಳು ಗೋಧಿಯನ್ನೂ ದ್ರಾಕ್ಷಿಯನ್ನೂ ಬೆಳೆಸಿದರು. ಈ ಅನುಭವದ ಫಲವಾಗಿ, ಧರ್ಮಸಭೆಯಲ್ಲಿ ಬಾಳುವ ಮಕ್ಕಳನ್ನು ಕುರಿತ ಮಾಂಟೆಸ್ಸರಿಯವರ ಪುಸ್ತಕ 1922ರಲ್ಲಿ ಹೊರಬಂತು.

1939ರಲ್ಲಿ ಅವರು ಮಗನೊಡನೆ ಮದ್ರಾಸಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೋನನ್ನು ಬಂಧನ ಶಿಬಿರಕ್ಕೆ ಕಳುಹಿಸಿತು. ತಾಯಿಗೆ ಮತ್ತೆ ಅಗಲಿಕೆ! ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಸರ್ಕಾರ ಮಗನನ್ನು ಬಿಡುಗಡೆ ಮಾಡಿತು. ಯುದ್ಧಕಾಲವನ್ನು ಅವರು ಮದ್ರಾಸು, ಕೊಡೈಕೆನಾಲ್‌ಗಳಲ್ಲಿ ಶಿಕ್ಷಕರನ್ನು ತರಬೇತುಗೊಳಿಸುತ್ತಾ ಕಳೆದರು. 1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ನಿಧನರಾದರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪ್ರಿಯ ಹೆತ್ತವರೇ, ಜಪಸರದ ಹೊತ್ತಿನಲ್ಲಿ ಅಲುಗಿದರೆಂದು ಮಕ್ಕಳಿಗೆ ಏಟು ಕೊಡುವ ಮನೆಗಳು ಇಂದಿಗೂ ಇವೆ. ಪೆಟ್ಟಿನ ಜೊತೆ ಕಲಿತ ಪ್ರಾರ್ಥನೆ ಪೆಟ್ಟಿನ ಭಯ ಹೋದೊಡನೆ ತಾನೂ ಹೊರಟುಹೋಗುತ್ತದೆ. ಬದಲಿಗೆ ಹೀಗೆ ಮಾಡಿ ನೋಡಿ. ಸಂಜೆ ಟಿ.ವಿ., ಮೊಬೈಲ್ ಆರಿಸಿ, ಒಂದು ಮೇಣದಬತ್ತಿ ಹಚ್ಚಿ, ಮೊದಲು ನೀವೇ ಸುಮ್ಮನೆ ಕುಳಿತುಕೊಳ್ಳಿ. ಎರಡೇ ನಿಮಿಷ ಸಾಕು. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಮೆಲುದನಿಯಲ್ಲಿ ಹೆಸರಿಡಿದು ಕರೆಯಿರಿ. ರಾತ್ರಿಯ ನಿಶ್ಶಬ್ದದಲ್ಲಿ ಬಾಲಕ ಸಮುವೇಲನನ್ನು ದೇವರು ಕರೆದದ್ದೂ ಹಾಗೆಯೇ. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಕರೆಯುವುದೂ ಹೆಸರಿನಿಂದಲೇ.

ಮನೆಯಲ್ಲಿ ಪ್ರೀತಿಯಿಂದ ತನ್ನ ಹೆಸರು ಕೇಳಿಸಿಕೊಂಡ ಮಗು, ಮುಂದೊಂದು ದಿನ ಆ ಕುರಿಗಾಹಿಯ ದನಿಯನ್ನೂ ಗುರುತಿಸಲಿ.