ಮಾತೆವುಸ್ ದೆ ಕಾಸ್ತ್ರೊ

ಮಾತೆವುಸ್ ದೆ ಕಾಸ್ತ್ರೊ (ಸುಮಾರು 1594 – 1670ರ ದಶಕದ ಕೊನೆ) ಅವರು ಕಥೋಲಿಕ ಧರ್ಮಸಭೆಯ ಲತೀನ್ ಪಂಥದಲ್ಲಿ ಧರ್ಮಾಧ್ಯಕ್ಷ (ಬಿಷಪ್) ಪದವಿಗೇರಿದ ಮೊದಲ ಭಾರತೀಯರು. ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಪೋಪರ ಪ್ರತಿನಿಧಿಯಾಗಿ ನೇಮಕಗೊಂಡಿದ್ದರು. ಇಂದಿನ ಹುಬ್ಬಳ್ಳಿ-ಧಾರವಾಡ ಪ್ರದೇಶವೂ ಆಗ ಆ ರಾಜ್ಯದೊಳಗಿತ್ತು.

ಗೋವೆಯ ದಿವಾರ್ ದ್ವೀಪದಲ್ಲಿ, ಕ್ರೈಸ್ತಧರ್ಮ ಸ್ವೀಕರಿಸಿದ್ದ ಕೊಂಕಣಿ ಬ್ರಾಹ್ಮಣ ಮನೆತನದಲ್ಲಿ ಇವರು ಜನಿಸಿದರು. ಪಾದ್ರಿಯಾಗಬೇಕೆಂಬ ಇವರ ಕೋರಿಕೆಯನ್ನು ಗೋವೆಯ ಮಹಾಧರ್ಮಾಧ್ಯಕ್ಷರು (ಆರ್ಚ್‌ಬಿಷಪ್) ಒಪ್ಪಲಿಲ್ಲ. ಈ ನಿರಾಕರಣೆಯ ಭಾರ ತಿಳಿಯಲು ಅಂದಿನ ವ್ಯವಸ್ಥೆಯನ್ನು ಗಮನಿಸಬೇಕು. ಧರ್ಮಾಧ್ಯಕ್ಷರ ಹಸ್ತದಿಂದಲ್ಲದೆ ಗುರುದೀಕ್ಷೆ ಇಲ್ಲ. ಹಲವು ಧರ್ಮಕ್ಷೇತ್ರಗಳಿಗೆ ಹಿರಿಯ ಪೀಠವಾದುದು ಮಹಾಧರ್ಮಕ್ಷೇತ್ರ. ಕೊಚ್ಚಿ, ಮಲಾಕ್ಕಾಗಳೂ ಗೋವೆಯ ಪೀಠದ ಅಡಿಯಲ್ಲಿದ್ದವು. ಅಲ್ಲಿಗೆ ಯಾರನ್ನು ನೇಮಿಸಬೇಕೆಂದು ಸೂಚಿಸುವ ಹಕ್ಕು 'ಪದ್ರವಾದೊ' ಎಂಬ ಏರ್ಪಾಡಿನಂತೆ ಪೋರ್ಚುಗಲ್ಲಿನ ದೊರೆಯದಾಗಿತ್ತು. ಹೀಗಾಗಿ ಗೋವೆಯ ಬಾಗಿಲು ಮುಚ್ಚಿದ ದೇಶೀಯನಿಗೆ ನೆರೆಯಲ್ಲಿ ಬೇರೆ ಬಾಗಿಲಿರಲಿಲ್ಲ.

ಕಾಸ್ತ್ರೊ ರೋಮಿಗೇ ಹೊರಟರು. ಪರ್ಷಿಯಾ ಮಾರ್ಗವಾಗಿ ಸಾಗಿ 1625ರಲ್ಲಿ ಅಲ್ಲಿಗೆ ತಲುಪಿದರು. ಧರ್ಮಪ್ರಚಾರವನ್ನು ದೊರೆಗಳ ಹಿಡಿತದಿಂದ ಬಿಡಿಸಲೆಂದು 1622ರಲ್ಲಿ ಸ್ಥಾಪನೆಯಾಗಿದ್ದ 'ಪ್ರೊಪಗಾಂದ ಫಿದೆ' ಎಂಬ ಪೋಪರ ಆಡಳಿತಾಂಗಕ್ಕೆ ಇವರಂಥವರೇ ಬೇಕಾಗಿದ್ದರು. 1630ರ ಸುಮಾರಿಗೆ ಗುರುದೀಕ್ಷೆಯೂ 1637ರಲ್ಲಿ ಧರ್ಮಾಧ್ಯಕ್ಷ ಪದವಿಯೂ ದೊರೆತವು.

ಗೋವೆಯ ಅಧಿಕಾರಿಗಳು ಈ ಅಧಿಕಾರವನ್ನು ಮಾನ್ಯಮಾಡಲಿಲ್ಲ. ಕಾಸ್ತ್ರೊ ಅವರು ಗಡಿಯಾಚೆಯ ಬಿಚೋಲಿಯಲ್ಲಿ ನೆಲೆಸಿ, ದೇಶೀಯರಿಗೆ ಗುರುದೀಕ್ಷೆ ನೀಡಿದರು. ಆ ದೀಕ್ಷೆಗಳ ಸಿಂಧುತ್ವವನ್ನೂ ಗೋವೆ ಪ್ರಶ್ನಿಸಿತು. 1654ರಲ್ಲಿ ಬಿಜಾಪುರದ ಸೇನೆ ಗೋವೆಯ ಮೇಲೆ ದಾಳಿ ಮಾಡಿದಾಗ, ಅದಕ್ಕೆ ಇವರದೇ ಪ್ರಚೋದನೆಯೆಂದು ಪೋರ್ಚುಗೀಸರು ದೂರಿದರು. ದೂರಿದವರೇ ವಿವಾದದ ಒಂದು ಪಕ್ಷವಾದುದರಿಂದ ಈ ಆರೋಪವನ್ನು ಎಚ್ಚರದಿಂದ ಓದಬೇಕಾಗುತ್ತದೆ. ಆದರೆ ಇವರ ಸ್ವಭಾವ ತೀಕ್ಷ್ಣವಾಗಿದ್ದುದು ನಿಜ. ಗೋವೆಯ ಬ್ರಾಹ್ಮಣ ಕ್ರೈಸ್ತರಿಗೆ ಬರೆದ ಗ್ರಂಥದಲ್ಲಿ ಪೋರ್ಚುಗೀಸರನ್ನು ಕಟುವಾಗಿ ಟೀಕಿಸಿದ್ದಾರೆ.

ಕೊನೆಗೆ ರೋಮಿಗೆ ಮರಳಿದ ಇವರು ಅಲ್ಲಿಯೇ ನಿಧನರಾದರು. ಸೋದರಳಿಯ ಕುಸ್ತೋದಿಯೊ ದೆ ಪಿನ್ಹೊ ಇವರ ಸ್ಥಾನಕ್ಕೆ ಬಂದರು. ಮತ್ತೊಬ್ಬ ಬಂಧು ತೋಮಸ್ ದೆ ಕಾಸ್ತ್ರೊ ಕನ್ನಡ ಕರಾವಳಿಯಲ್ಲಿ ಇದೇ ಬಗೆಯ ಅಧಿಕಾರ ವಹಿಸಿದರು.

ಗೋವೆಯ ಮಹಾಧರ್ಮಕ್ಷೇತ್ರದ ಕೆಲವು ಭಾಗಗಳನ್ನೂ ಒಳಗೊಂಡು 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ರಚನೆಯಾಯಿತು. ಹುಬ್ಬಳ್ಳಿ-ಧಾರವಾಡದ ಕಥೋಲಿಕರು ಈಗ ಅದಕ್ಕೆ ಸೇರಿದ್ದಾರೆ. ಅದರ ಹಿರಿಯ ಪೀಠ ಬೆಂಗಳೂರು ಮಹಾಧರ್ಮಕ್ಷೇತ್ರ.