ಕಷಾಯಕ್ಕೂ ಪರೀಕ್ಷೆ ಬೇಕೆಂದ ಕರ್ನಲ್ ಚೋಪ್ರಾ

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಬೆಳಗಿನ ಮೊದಲ ಗುಟುಕು ಕಹಿಯೇ. ಸೂರ್ಯ ಹುಟ್ಟುವ ಮುಂಚೆ ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ ಕುಡಿಯುತ್ತಾರೆ. ಹಿಂದೆಯೇ ಮೆಂತೆ ಗಂಜಿ. ಕನ್ನಡದಲ್ಲಿ ಇದೇ ಹಾಲೆ ಮರ, ಸಂಸ್ಕೃತದಲ್ಲಿ ಸಪ್ತಪರ್ಣ. ಮಳೆಗಾಲದ ಜ್ವರಗಳು ಹತ್ತಿರ ಸುಳಿಯುವುದಿಲ್ಲ ಎಂಬುದು ಹಿರಿಯರ ನಂಬಿಕೆ. ಪುಣೆಗೆ ಬಂದು ನೆಲೆಸಿದ ಕರಾವಳಿಯವರಲ್ಲೂ ಈ ಆಚರಣೆ ಬಿಡದವರು ಇದ್ದಾರೆ. ಮರವೂ ಇಲ್ಲಿಗೆ ಹೊಸದಲ್ಲ. ಮರಾಠಿಗರು ಅದನ್ನು ಸಾತ್ವೀಣ್ ಎನ್ನುತ್ತಾರೆ. ದೀಪಾವಳಿಯ ಆಸುಪಾಸಿನಲ್ಲಿ ನಗರದ ರಸ್ತೆಗಳಲ್ಲಿ ಮೂಗಿಗೆ ಬಡಿಯುವ ಆ ಗಾಢ ವಾಸನೆ ಅದರ ಹೂವಿನದೇ.

ಭೋಸರಿಯ ಎಂಐಡಿಸಿಯಲ್ಲಿ ದುಡಿಯುತ್ತಾ ಮೂರು ನಾಲ್ಕು ಜನ ಸೇರಿ ಒಂದು ರೂಮಿನಲ್ಲಿರುವ ನಮ್ಮ ಹುಡುಗರಿಗೆ ಜುಲೈ, ಆಗಸ್ಟ್‌ನಲ್ಲಿ ಚಳಿಜ್ವರ ಬಂದರೆ ಊರಿನಿಂದ ಫೋನಿನಲ್ಲಿ ಸಲಹೆಗಳು ಸುರಿಯುತ್ತವೆ. ಅಮೃತಬಳ್ಳಿ ಕುದಿಸಿ ಕುಡಿ, ಕಿರಾತಕಡ್ಡಿ ನೆನೆಹಾಕು, ಹಾಲೆ ತೊಗಟೆ ಸಿಕ್ಕರೆ ಬಿಡಬೇಡ. ಪ್ರೀತಿಯಿಂದ ಬರುವ ಮಾತುಗಳು ಇವು. ಆದರೆ ಆ ಜ್ವರ ಮಲೇರಿಯಾ ಆಗಿದ್ದರೆ ಕಷಾಯ ಸಾಕೇ? ಈ ಪ್ರಶ್ನೆಯನ್ನು ನಂಬಿಕೆಗೂ ತಾತ್ಸಾರಕ್ಕೂ ಬಿಡದೆ ಪ್ರಯೋಗಾಲಯಕ್ಕೆ ಒಯ್ದವರು ಸರ್ ರಾಮನಾಥ ಚೋಪ್ರಾ. ಭಾರತೀಯ ಔಷಧಶಾಸ್ತ್ರದ ಪಿತಾಮಹ ಎಂದು ವೈದ್ಯಲೋಕ ಕರೆಯುವುದು ಇವರನ್ನೇ.

ಚೋಪ್ರಾ ಹುಟ್ಟಿದ್ದು 1882ರ ಆಗಸ್ಟ್ 17ರಂದು, ಈಗ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ. ಲಾಹೋರಿನಲ್ಲಿ ಓದಿ ಕೇಂಬ್ರಿಜ್‌ನ ಡೌನಿಂಗ್ ಕಾಲೇಜು ಸೇರಿದರು. ಅಲ್ಲಿ ವಾಲ್ಟರ್ ಡಿಕ್ಸನ್ ಎಂಬ ಔಷಧಶಾಸ್ತ್ರಜ್ಞರ ಸಹವಾಸ ಸಿಕ್ಕಿತು. ಮದ್ದು ಎಂದರೆ ರೋಗಿಗೆ ಕೊಟ್ಟು ಕಾದು ನೋಡುವ ವಸ್ತುವಲ್ಲ, ಅದು ದೇಹದ ಯಾವ ಅಂಗದ ಮೇಲೆ ಏನು ಮಾಡುತ್ತದೆ ಎಂದು ಅಳೆಯಬಹುದಾದ ವಸ್ತು ಎಂಬ ಪಾಠ ಅಲ್ಲಿಯದು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಮುಗಿಸಿ 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾಕ್ಕೆ ಹೋದರು. ಗುಂಡಿಗಿಂತ ಹೆಚ್ಚು ಸೈನಿಕರನ್ನು ರೋಗಗಳು ಮಲಗಿಸಿದ ರಣರಂಗ ಅದು.

1921ರಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಆಗ ದೇಶಕ್ಕೆ ಬೇಕಾದ ಮದ್ದಿನ ಬಹುಪಾಲು ಹಡಗಿನಲ್ಲಿ ಬರುತ್ತಿತ್ತು. ವಿಚಿತ್ರವೆಂದರೆ ಅವುಗಳಲ್ಲಿ ಕೆಲವಕ್ಕೆ ಬೇಕಾದ ಗಿಡ ಬೆಳೆಯುತ್ತಿದ್ದದ್ದು ನಮ್ಮ ಬೆಟ್ಟಗಳಲ್ಲೇ. ಬೇರು ಇಲ್ಲಿಂದ ಹೋಗಿ ಬಾಟಲಿಯಾಗಿ ದುಬಾರಿ ಬೆಲೆಗೆ ಮರಳುತ್ತಿತ್ತು. ಚೋಪ್ರಾ ಮೂರು ಗುರಿಗಳನ್ನು ಹಾಕಿಕೊಂಡರು. ದೇಶದಲ್ಲೇ ಸಿಗುವ ಸಸ್ಯಗಳಿಂದ ದೇಶಕ್ಕೆ ಬೇಕಾದ ಮದ್ದು ಮಾಡುವುದು ಮೊದಲನೆಯದು. ವೈದ್ಯರೂ ಹಕೀಮರೂ ಬಳಸುವ ಮದ್ದುಗಳಲ್ಲಿ ನಿಜಕ್ಕೂ ಕೆಲಸ ಮಾಡುವವನ್ನು ಆರಿಸಿ ಎಲ್ಲರ ಬಳಕೆಗೆ ತರುವುದು ಎರಡನೆಯದು. ಬಡವನ ಕೈಗೆಟುಕುವ ಬೆಲೆಯ ಮದ್ದು ಹುಡುಕುವುದು ಮೂರನೆಯದು.

ಅವರ ಕ್ರಮ ಹೀಗಿತ್ತು. ಮೊದಲು ಗಿಡ ಯಾವುದೆಂದು ಸಸ್ಯಶಾಸ್ತ್ರದ ಪ್ರಕಾರ ಖಚಿತ ಮಾಡಿಕೊಳ್ಳುವುದು. ಒಂದೇ ಹೆಸರಿನಲ್ಲಿ ನಾಲ್ಕು ಬೇರು ಮಾರುವ ಗ್ರಂದಿಗೆ ಅಂಗಡಿಗಳ ನಾಡಿನಲ್ಲಿ ಇದೇ ಅರ್ಧ ಕೆಲಸ. ಆಮೇಲೆ ರಸಾಯನಶಾಸ್ತ್ರಜ್ಞರು ಅದರ ಸತ್ವವನ್ನು ಬೇರ್ಪಡಿಸುತ್ತಿದ್ದರು. ಆ ಸತ್ವ ಪ್ರಾಣಿಗಳ ಹೃದಯ, ರಕ್ತದೊತ್ತಡ, ಕರುಳಿನ ಮೇಲೆ ಏನು ಮಾಡುತ್ತದೆ ಎಂದು ನೋಡಲಾಗುತ್ತಿತ್ತು. ಕೊನೆಗೆ ಪಕ್ಕದ ಕಾರ್ಮೈಕಲ್ ಆಸ್ಪತ್ರೆಯ ರೋಗಿಗಳಲ್ಲಿ ಪರೀಕ್ಷೆ. ಆಡುಸೋಗೆ, ಕೊಡಸಿಗೆ, ಪುನರ್ನವ, ಎಫೆಡ್ರಾ, ಸರ್ಪಗಂಧಿ ಹೀಗೆ ಒಂದೊಂದೇ ಗಿಡ ಈ ದಾರಿಯಲ್ಲಿ ಹಾದುಹೋಯಿತು. 1933ರಲ್ಲಿ ಬಂದ ಅವರ ದೊಡ್ಡ ಗ್ರಂಥ ‘ಇಂಡಿಜಿನಸ್ ಡ್ರಗ್ಸ್ ಆಫ್ ಇಂಡಿಯಾ’ ಈ ದುಡಿಮೆಯ ಲೆಕ್ಕಪುಸ್ತಕ. ಗೆದ್ದ ಗಿಡಗಳಷ್ಟೇ ಅಲ್ಲ, ಸೋತ ಗಿಡಗಳೂ ಅದರಲ್ಲಿವೆ.

ಮಲೇರಿಯಾದಲ್ಲಿ ಈ ಕೆಲಸ ಇನ್ನೂ ಕಷ್ಟದ್ದು. ಕಾರಣ ಜ್ವರದ ಸ್ವಭಾವ. ಸಾಮಾನ್ಯ ವಿಧದ ಮಲೇರಿಯಾದಲ್ಲಿ ಪರಾವಲಂಬಿಗಳು ಸುಮಾರು 48 ಗಂಟೆಗೊಮ್ಮೆ ಕೆಂಪು ರಕ್ತಕಣಗಳನ್ನು ಒಡೆದು ಹೊರಬರುತ್ತವೆ. ಆಗ ನಡುಕ, ಜ್ವರ, ಬೆವರು. ನಡುವಿನ ದಿನ ರೋಗಿ ಎದ್ದು ಓಡಾಡುತ್ತಾನೆ. ಜ್ವರ ಏರಿದಾಗ ಕುಡಿಸಿದ ಯಾವ ಕಷಾಯಕ್ಕಾದರೂ ಮರುದಿನ ಒಳ್ಳೆಯ ಹೆಸರು ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ನಮಗೆ ಇದರ ಪರಿಚಯವಿದೆ. ಬಿಟ್ಟು ಬಿಟ್ಟು ಬರುವ ಬಗ್ ಎರಡು ದಿನ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಅದು ಸರಿಹೋಗಿದೆ ಎಂದು ಟಿಕೆಟ್ ಮುಚ್ಚುವಂತಿಲ್ಲ, ಲಾಗ್ ನೋಡಬೇಕು. ಮಲೇರಿಯಾದಲ್ಲಿ ಆ ಲಾಗ್ ಎಂದರೆ ರಕ್ತದ ಲೇಪ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿಗಳನ್ನು ಎಣಿಸಬೇಕು. ಮದ್ದು ಕೊಟ್ಟ ಮೇಲೆ ಎಣಿಕೆ ಇಳಿಯಿತೇ, ವಾರಗಳು ಕಳೆದ ಮೇಲೂ ಮತ್ತೆ ಏರಲಿಲ್ಲವೇ ಎಂಬುದೇ ಪರೀಕ್ಷೆ.

ಹಾಲೆ ತೊಗಟೆಗೆ ಕ್ವಿನೈನ್‌ನ ಬದಲಿ ಎಂಬ ಖ್ಯಾತಿ 19ನೇ ಶತಮಾನದಿಂದಲೂ ಇತ್ತು. ಫಿಲಿಪ್ಪೀನ್ಸ್‌ನಲ್ಲೂ ಅದನ್ನು ಜ್ವರಕ್ಕೆ ಕೊಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಈ ಖ್ಯಾತಿ ಜೀವನ್ಮರಣದ ವಿಷಯವಾಯಿತು. ಜಗತ್ತಿನ ಕ್ವಿನೈನ್‌ನ ಸುಮಾರು 90 ಭಾಗ ಬರುತ್ತಿದ್ದದ್ದು ಜಾವಾದ ಸಿಂಕೋನಾ ತೋಟಗಳಿಂದ. 1942ರಲ್ಲಿ ಜಾವಾ ಜಪಾನಿನ ಕೈಸೇರಿತು. ನೀಲಗಿರಿ ಮತ್ತು ಡಾರ್ಜಿಲಿಂಗ್ ಬೆಟ್ಟದ ಸರ್ಕಾರಿ ತೋಟಗಳ ಇಳುವರಿ ದೇಶಕ್ಕೆ ಸಾಲುವಂತಿರಲಿಲ್ಲ. ಅದೇ ವರ್ಷ, ಚೋಪ್ರಾ ಅವರ ಬಳಿ ಪಳಗಿದ ಬಿ. ಮುಖರ್ಜಿ ಮತ್ತು ಸಂಗಡಿಗರು ದೇಶಿ ಮದ್ದುಗಳಲ್ಲಿ ಮಲೇರಿಯಾಕ್ಕೆ ಔಷಧ ಹುಡುಕುವ ಸರಣಿಯನ್ನು ಪ್ರಕಟಿಸತೊಡಗಿದಾಗ ಮೊದಲು ಎತ್ತಿಕೊಂಡದ್ದು ಹಾಲೆ ತೊಗಟೆಯನ್ನೇ. ಫಲಿತಾಂಶ ನಿರಾಸೆಯದು. ಪರಾವಲಂಬಿಯ ಮೇಲೆ ಕ್ವಿನೈನ್‌ನಂಥ ಪ್ರಭಾವ ಸಿಗಲಿಲ್ಲ. ದೇಶಕ್ಕೆ ಹೌದು ಎಂಬ ಉತ್ತರ ಅತ್ಯಂತ ಬೇಕಾಗಿದ್ದ ಹೊತ್ತಿನಲ್ಲಿ ಇಲ್ಲ ಎಂದು ಬರೆಯುವುದು ಸುಲಭವಲ್ಲ. ಚೋಪ್ರಾ ಕಟ್ಟಿದ ಶಾಲೆ ಅದನ್ನು ಕಲಿಸಿತ್ತು.

ಅವರ ಹೆಸರು ಉಳಿಯಲು ಇನ್ನೊಂದು ಕಾರಣ ಕಾನೂನು. 1920ರ ದಶಕದಲ್ಲಿ ಮಾರುಕಟ್ಟೆಯ ಕ್ವಿನೈನ್‌ನಲ್ಲೇ ಕಲಬೆರಕೆ ತುಂಬಿತ್ತು. ಕೆಲಸ ಮಾಡುವ ಮದ್ದು ಗೊತ್ತಿದ್ದೂ ಗುಳಿಗೆಯಲ್ಲಿ ಅದು ಇಲ್ಲದೆ ಜನ ಸಾಯುವ ಸ್ಥಿತಿ. 1930ರಲ್ಲಿ ಸರ್ಕಾರ ಔಷಧ ವಿಚಾರಣಾ ಸಮಿತಿ ರಚಿಸಿ ಚೋಪ್ರಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಮರುವರ್ಷ ವರದಿ ಬಂತು. ಕೇಂದ್ರದ ಕಾನೂನು, ಪರೀಕ್ಷಾ ಪ್ರಯೋಗಾಲಯಗಳು, ತರಬೇತಾದ ಫಾರ್ಮಸಿಸ್ಟರು ಬೇಕು ಎಂದಿತು. 1937ರಲ್ಲಿ ಕಲ್ಕತ್ತೆಯಲ್ಲಿ ಔಷಧಗಳ ಗುಣಮಟ್ಟ ಅಳೆಯುವ ಪ್ರಯೋಗಾಲಯ ಶುರುವಾಯಿತು. 1940ರಲ್ಲಿ ಔಷಧ ಕಾಯ್ದೆ ಬಂತು. ಇಂದು ಪಕ್ಕದ ಪಿಂಪ್ರಿಯ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್‌ನಿಂದ ಹಿಡಿದು ದೇಶದ ಯಾವ ಕಾರ್ಖಾನೆಯಿಂದ ಹೊರಟ ಮಾತ್ರೆಗೂ ಆ ಕಾಯ್ದೆಯ ಹಿಡಿತವಿದೆ. ಆದರೆ ಆಯುರ್ವೇದ, ಯುನಾನಿ ಮದ್ದುಗಳನ್ನು ಅದು ಆರಂಭದಲ್ಲಿ ಹೊರಗಿಟ್ಟಿತ್ತು. ಅವು ಕಾಯ್ದೆಯೊಳಗೆ ಬಂದದ್ದು 1964ರ ತಿದ್ದುಪಡಿಯ ನಂತರ.

1941ರಲ್ಲಿ ನೈಟ್ ಪದವಿ ಬಂತು. ಕಲ್ಕತ್ತೆಯಿಂದ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಜಮ್ಮು ಮತ್ತು ಕಾಶ್ಮೀರದ ಔಷಧ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದರು. 1946ರಲ್ಲಿ ದೇಶಿ ವೈದ್ಯ ಪದ್ಧತಿಗಳ ಬಗ್ಗೆ ಮತ್ತೊಂದು ಸಮಿತಿಯ ಅಧ್ಯಕ್ಷತೆ ಹೆಗಲೇರಿತು. 1948ರ ಅದರ ವರದಿ ಎರಡೂ ಪದ್ಧತಿಗಳು ಬೆಸೆದು ಒಂದಾಗಬೇಕು ಎಂದಿತು. ಎರಡು ವೈದ್ಯಪದ್ಧತಿಗಳು ಬೇರೆ ಬೇರೆ ಕಾಲೇಜು, ಬೇರೆ ಬೇರೆ ಮಂಡಳಿಗಳೊಂದಿಗೆ ತಮ್ಮ ತಮ್ಮ ದಾರಿಯಲ್ಲೇ ಮುಂದುವರಿದವು. 1973ರ ಜೂನ್ 13ರಂದು ತೀರಿಕೊಂಡಾಗ ಅವರಿಗೆ 90 ವರ್ಷ.

ಗಿಡದಲ್ಲಿ ಮದ್ದಿಲ್ಲ ಎಂದು ಚೋಪ್ರಾ ಎಂದೂ ವಾದಿಸಲಿಲ್ಲ. ಅವರ ಬಳಗ 1933ರಲ್ಲಿ ಪರೀಕ್ಷಿಸಿದ ಸರ್ಪಗಂಧಿ ಮುಂದೆ ಮುಂಬೈನ ಡಾ. ರುಸ್ತಂ ವಕೀಲರ 1949ರ ಲೇಖನದಿಂದ ಜಗತ್ತಿನ ಗಮನ ಸೆಳೆದು ರಕ್ತದೊತ್ತಡದ ಚಿಕಿತ್ಸೆಯನ್ನೇ ಬದಲಿಸಿತು. ಮಲೇರಿಯಾದಲ್ಲೂ ಗಿಡವೇ ಗೆದ್ದಿತು, ಬೇರೆ ದೇಶದಲ್ಲಿ. ಚೀನಾದ ತು ಯೂಯೂ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು, ಆರ್ಟಿಮಿಸಿಯಾ ಗಿಡವನ್ನು ಕುದಿಸಿದರೆ ಸತ್ವ ಹಾಳಾಗುತ್ತದೆ ಎಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್‌ನಿಂದ ಅದನ್ನು ತೆಗೆದದ್ದು 1971ರಲ್ಲಿ. 2015ರಲ್ಲಿ ನೊಬೆಲ್ ಬಂತು.

ಹಾಲೆಯ ಕಥೆಯೂ ಮುಗಿದಿಲ್ಲ. ಹಾಲೆ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗ ಸೇರಿಸಿ ಮಾಡಿದ ಆಯುಷ್-64 ಮಾತ್ರೆಯನ್ನು ಮಲೇರಿಯಾ ಸಂಶೋಧನಾ ಕೇಂದ್ರದವರು ಕ್ಲೋರೋಕ್ವಿನ್ ಜೊತೆ ಹೋಲಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈವಾಕ್ಸ್ ಮಲೇರಿಯಾದ ರೋಗಿಗಳಲ್ಲಿ 28ನೇ ದಿನಕ್ಕೆ ಕ್ಲೋರೋಕ್ವಿನ್ ತೆಗೆದುಕೊಂಡವರೆಲ್ಲ ಗುಣವಾಗಿದ್ದರು, ಆಯುಷ್-64 ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು. ಇಲಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಹಾಲೆ ತೊಗಟೆಯ ಸತ್ವ ಪರಾವಲಂಬಿಯನ್ನು ಕೊಲ್ಲದಿದ್ದರೂ ಇಲಿಗಳ ಸ್ಥಿತಿ ಸುಧಾರಿಸಿ ಅವು ಸ್ವಲ್ಪ ಹೆಚ್ಚು ಕಾಲ ಬದುಕಿದವು. ಕುಡಿದವರಿಗೆ ಹಾಯೆನಿಸುವುದು ಸುಳ್ಳಲ್ಲದಿರಬಹುದು. ಅಪಾಯವೂ ಅಲ್ಲೇ ಇದೆ. ಮೈ ಹಗುರವಾಯಿತೆಂದು ಕಾದು ಕೂತರೆ, ಫಾಲ್ಸಿಪ್ಯಾರಂ ವಿಧದ ಮಲೇರಿಯಾ ಕೆಲವೇ ದಿನಗಳಲ್ಲಿ ಮಿದುಳಿಗೆ ಏರಬಲ್ಲದು.

ಆದ್ದರಿಂದ ಆಟಿಯ ಕಷಾಯ ಆಟಿಗೆ ಇರಲಿ, ಅದೂ ಮರ ಬಲ್ಲ ಹಿರಿಯರ ಕೈಯಿಂದ. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆ ತಂದರೆ ಅದು ವಿಷ. ರೂಮಿನಲ್ಲಿ ಯಾರಿಗಾದರೂ ನಡುಕದ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ದವಾಖಾನೆಗಳಲ್ಲಿ ಮಲೇರಿಯಾ ಪರೀಕ್ಷೆಯೂ ಮಾತ್ರೆಯೂ ಉಚಿತ. ಮಾತ್ರೆ ಶುರುವಾದ ಮೇಲೆ ಜ್ವರ ಇಳಿಯಿತೆಂದು ನಡುವೆ ಬಿಡದೆ ಹೇಳಿದಷ್ಟು ದಿನ ನುಂಗಿ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮರಳುತ್ತದೆ, 14 ದಿನದ ಪ್ರೈಮಾಕ್ವಿನ್ ಕೊಡುವುದು ಅದಕ್ಕೇ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಕಷಾಯ ಕುಡಿದೆ ಎಂದು ಹೇಳುವುದಕ್ಕೆ ಅಡ್ಡಿಯಿಲ್ಲ, ರಿಪೋರ್ಟ್‌ನಲ್ಲಿ ಏನು ಬಂತು ಎಂಬುದನ್ನೂ ಜೊತೆಗೆ ಹೇಳಿ.