ಪಂಜೆಯವರೂ ಮಕ್ಕಳ ಗುಮ್ಮನೂ

ಮಗುವನ್ನು ಮಲಗಿಸುವುದಕ್ಕಾಗಿ ಗುಮ್ಮನನ್ನು ಕರೆಯುವ ಪದ್ಧತಿ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೂ ಗುಮ್ಮನಿಗೆ ಹೆದರಿ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಆದರೆ ಮಗುವಿಗೆ ಎಂಟೊಂಬತ್ತು ವರ್ಷ ತುಂಬಿತೆನ್ನಿ. ಆಗ ಅದೇ ಅಜ್ಜಿಯ ಸೆರಗು ಹಿಡಿದು ದೆವ್ವದ ಕಥೆ ಹೇಳೆಂದು ಕಾಡತೊಡಗುತ್ತದೆ. ಕೇಳುತ್ತದೆ, ನಡುಗುತ್ತದೆ, ಕಂಬಳಿ ಎಳೆದುಕೊಳ್ಳುತ್ತದೆ; ಮುಂದೇನಾಯಿತೆಂದು ಕಂಬಳಿಯೊಳಗಿನಿಂದಲೇ ಕೇಳುತ್ತದೆ. ಎಂಟರಿಂದ ಹನ್ನೆರಡರವರೆಗಿನ ಈ ವಯಸ್ಸಿನ ಗುಟ್ಟನ್ನು ಬಲ್ಲ ಹಿರಿಯರು ಕನ್ನಡದಲ್ಲಿ ಬಹಳ ಮಂದಿಯಿಲ್ಲ. ಅಂಥ ವಿರಳರಲ್ಲಿ ಪಂಜೆ ಮಂಗೇಶರಾಯರು ಮೊದಲಿಗರೆಂಬುದು ನನ್ನ ನಂಬಿಕೆ.

ಪಂಜೆಯವರು ಹುಟ್ಟಿದ್ದು 1874ನೆಯ ಇಸವಿ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ಮನೆಯ ಮಾತು ಕೊಂಕಣಿ, ಬೀದಿಗಿಳಿದರೆ ತುಳು, ಕನ್ನಡವೋ ಶಾಲೆಯಲ್ಲಿ ಕಲಿತದ್ದು. ಹೀಗೆ ಕಲಿತ ಭಾಷೆಯಲ್ಲಿ ಮಗುವಿನ ತೊದಲನ್ನು ಅಷ್ಟು ಸಹಜವಾಗಿ ನುಡಿಸಿದರಲ್ಲ ಎಂಬುದು ಇಂದಿಗೂ ಬೆರಗಿನ ಸಂಗತಿ. ಬಡತನದ ನಡುವೆಯೇ ಮಂಗಳೂರಿಗೆ ಬಂದು ಓದಿ, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದರು. ಮುಂದೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗಿನವರು ಇಂದಿಗೂ ಹೆಮ್ಮೆಯಿಂದ ಹಾಡುವ ಹುತ್ತರಿಯ ಹಾಡು ಆ ನಂಟಿನ ಫಲ. ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ 1900ರ ಸುಮಾರಿಗೆ ಅವರು ಬರೆದ ಕಥೆಗಳು ಕನ್ನಡದ ಮೊದಲ ಸಣ್ಣಕಥೆಗಳ ಸಾಲಿನಲ್ಲಿ ನಿಲ್ಲುತ್ತವೆ. ಕವಿಶಿಷ್ಯ ಎಂಬುದು ಅವರ ಕಾವ್ಯನಾಮ. ಉದ್ಯೋಗದ ವಿವರ ಇಷ್ಟು ಸಾಕು. ಅದನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ.

ಆ ಕಾಲದ ಮಕ್ಕಳ ಓದು ಎಂಥದು? ಅಕ್ಷರಮಾಲೆ, ಮಗ್ಗಿ, ನೀತಿಪಾಠ. ಹಿರಿಯರು ಮಕ್ಕಳ ಬಾಯಿಗೆ ಕಷಾಯದಂತೆ ಸುರಿಯುತ್ತಿದ್ದ ಸಾಹಿತ್ಯವದು. ಪಂಜೆಯವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಹೇನು ಸತ್ತು ಕಾಗೆ ಬಡವಾದ ಕಥೆ, ಮೆಣಸಿನ ಕಾಳಪ್ಪನ ಕಥೆ, ಸಿಗಡಿ ಏಕೆ ಒಣಗಲಿಲ್ಲವೆಂಬ ಕಥೆ, ಒಡ್ಡನ ಓಟ, ಇಲಿಗಳ ಥಕಥೈ ಇವೆಲ್ಲ ಅವರ ಲೇಖನಿಯಿಂದ ಬಂದವು. 'ಗುಡ್ಡು ಗುಡು ಗುಮ್ಮಟ ದೇವರು' ಎಂಬ ಕಥೆಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಕತ್ತಲೆಯಲ್ಲಿ ಗುಡ್ಡದ ಮೇಲಿನಿಂದ ಏನೋ ಉರುಳಿ ಬರುತ್ತಿರುವಂತೆ ಕೇಳಿಸುವುದಿಲ್ಲವೆ? ಕಥೆ ತೊಡಗುವ ಮೊದಲೇ ಹೆಸರೇ ಮಗುವಿನ ಕಿವಿಯನ್ನು ಹಿಡಿದುಬಿಡುತ್ತದೆ.

ಆದರೆ ಭಯದ ಸೊಗಸನ್ನು ಅವರು ಪೂರ್ಣವಾಗಿ ಹಿಡಿದದ್ದು ಕಥೆಯಲ್ಲಲ್ಲ, ನಾಗರಹಾವನ್ನು ಕುರಿತ ಪುಟ್ಟ ಪದ್ಯದಲ್ಲಿ. ನಾವೆಲ್ಲರೂ ಚಿಕ್ಕ ತರಗತಿಯಲ್ಲಿ ಕುಣಿಯುತ್ತ ಹಾಡಿದ್ದ ಆ ಪದ್ಯವನ್ನು ದೊಡ್ಡವರಾದ ಮೇಲೆ ಮತ್ತೊಮ್ಮೆ ಓದಬೇಕು. ಮಗು ಬಿಲದ ಬಾಯಲ್ಲಿ ನಿಂತು ಹಾವನ್ನು ಕರೆಯುತ್ತದೆ. ಕೈ ಮುಗಿಯುತ್ತದೆ, ಹಾಲು ಕೊಡುವೆನೆನ್ನುತ್ತದೆ. ಹೆಡೆ ಬಿಚ್ಚೆಂದು ಕೇಳಿ ಕೊಳಲೂದುತ್ತದೆ. ಬರುಬರುತ್ತ ಸಲುಗೆ ಹೆಚ್ಚಿ, ತಲೆಯಲ್ಲಿ ರತ್ನವಿರುವುದು ನಿಜವೇ ಎಂದು ವಿಚಾರಿಸಿ, ಬಡವನಿಗೆ ಕೊಪ್ಪರಿಗೆ ಚಿನ್ನ ತಂದುಕೊಡೆಂದು ಕೇಳುವವರೆಗೂ ಹೋಗುತ್ತದೆ. ಕಡೆಯಲ್ಲಿ ಒಮ್ಮೆಲೇ ಅದಕ್ಕೆ ಎಚ್ಚರವಾಗುತ್ತದೆ: ಈ ಪ್ರಾಣಿಯ ಮೈ ತಣ್ಣಗಿದೆ, ಆದರೆ ಒಳಗೆ ಹಗೆ ಬಿಸಿಯಾಗಿದೆ. ಮತ್ತೆ ನಮಸ್ಕರಿಸಿ ಹಾವನ್ನು ಹೊರಗೆ ಕಳುಹಿಸಿಬಿಡುತ್ತದೆ. ಕರೆದದ್ದೂ ತಾನೇ, ಕಳುಹಿಸಿದ್ದೂ ತಾನೇ. ಗುಮ್ಮನನ್ನು ತಾಯಿ ಕರೆದಾಗ ಮಗು ಅಳುತ್ತದೆ. ಹಾವನ್ನು ತಾನೇ ಕರೆದಾಗ ಕುಣಿಯುತ್ತದೆ. ಪುಸ್ತಕದ ದೆವ್ವವೂ ಹೀಗೆಯೇ. ಪುಟ ತೆರೆಯುವ ಕೈಯೂ ಮುಚ್ಚುವ ಕೈಯೂ ಮಗುವಿನದೇ ಆದ್ದರಿಂದ ಆ ಭಯ ಸಿಹಿಯಾಗುತ್ತದೆ. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆಗಳ ಮಾಟಗಾತಿಯರಾಗಲಿ, ಮಕ್ಕಳನ್ನು ಬೆಟ್ಟದೊಳಕ್ಕೆ ಕರೆದೊಯ್ಯುವ ಕುವೆಂಪು ಅವರ ಕಿಂದರಿಜೋಗಿಯಾಗಲಿ ಮಕ್ಕಳಿಗೆ ಬೇಸರ ತಾರದಿರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಸ್ವಂತ ಮಾತು. ಕೆಂಗೇರಿಯ ನಮ್ಮ ಓಣಿಯಲ್ಲಿ ನಾನು ಸಂಜೆ ಐದಾರು ಮಕ್ಕಳಿಗೆ ಪಾಠ ಹೇಳುತ್ತೇನೆ. ಆರನೆಯ ತರಗತಿಯ ಹುಡುಗನೊಬ್ಬ ಹಳೆಯ ಪುಸ್ತಕದಂಗಡಿಯಿಂದ ತಂದ ಇಂಗ್ಲಿಷ್ ದೆವ್ವದ ಕಾದಂಬರಿಗಳನ್ನು ಒಂದೇ ಉಸಿರಿಗೆ ಮುಗಿಸುತ್ತಾನೆ. ಕನ್ನಡದ ಒಂದು ಪುಟಕ್ಕೆ ಮೂರು ಸಲ ಆಕಳಿಸುತ್ತಾನೆ. ನಮ್ಮ ಬೆಂಗಳೂರಿಗೇನು ದೆವ್ವಕ್ಕೆ ಬರವೇ? 1990ರ ದಶಕದಲ್ಲಿ ರಾತ್ರಿ ದೆವ್ವವೊಂದು ಬಾಗಿಲು ಬಡಿಯುತ್ತದೆಂಬ ಗುಲ್ಲೆದ್ದು, ಓಣಿ ಓಣಿಗಳ ಬಾಗಿಲಿನ ಮೇಲೆ ನಾಳೆ ಬಾ ಎಂದು ಬರೆದಿದ್ದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನ್ನ ತಾಯಿ, ಆಗ ಹುಡುಗಿ, ತಮ್ಮ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ತಾನೇ ಬರೆದಿದ್ದಳಂತೆ. ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು. ಇದನ್ನು ಹೇಳಿದಾಗ ನಮ್ಮ ಹುಡುಗ ಆಕಳಿಸಲಿಲ್ಲ. ಇಂಥದು ಪುಸ್ತಕದಲ್ಲಿದೆಯೇ ಎಂದು ಕೇಳಿದ. ನಾನು ಅವನಿಗೆ ಕೊಟ್ಟದ್ದು ಪಂಜೆಯವರ 'ಕೋಟಿಚೆನ್ನಯ'ವನ್ನು.

ದೆವ್ವ ಭೂತಗಳ ಕಥೆಯಿಂದ ಮಕ್ಕಳು ಮೂಢರಾಗುತ್ತಾರೆಂದು ಬಲ್ಲವರು ಹೇಳುವುದುಂಟು. ಪಂಜೆಯವರು ಶಾಲೆಗಳ ಅಧಿಕಾರಿಯಾಗಿದ್ದವರು, ಇಂಗ್ಲಿಷ್ ಬಲ್ಲವರು. ಅವರಿಗೆ ಈ ವಾದ ಹೊಸದಾಗಿರಲಾರದು. ಆದರೂ ಅವರು ತುಳುನಾಡಿನ ಪಾಡ್ದನಗಳಿಗೆ ಬೆನ್ನು ತಿರುಗಿಸಲಿಲ್ಲ. ಗದ್ದೆ ನೆಡುವ ಹೆಂಗಸರ ಬಾಯಲ್ಲಿ, ಭೂತಕ್ಕೆ ನೇಮ ಕಟ್ಟುವವರ ಬಾಯಲ್ಲಿ ಉಳಿದಿದ್ದ ಕಥೆಯನ್ನು ಕನ್ನಡಕ್ಕೆ ತಂದು ಕಿರಿಯರ ಕೈಗಿತ್ತರು. ದೇಯಿ ಬೈದೆತಿಯ ಅವಳಿ ಮಕ್ಕಳು ಕೋಟಿ ಮತ್ತು ಚೆನ್ನಯ. ಪಡುಮಲೆಯ ಬಲ್ಲಾಳನ ಕಾಯಿಲೆಯನ್ನು ವಾಸಿ ಮಾಡಿದವಳು ಆ ತಾಯಿ. ಅವಳ ಮಕ್ಕಳಿಗೆ ಸಿಕ್ಕಿದ್ದು ಅವಮಾನ. ನ್ಯಾಯ ಸಿಗದೆ ಬುದ್ಧಿವಂತನೆಂಬ ಅಧಿಕಾರಿಯನ್ನು ಕೊಂದು ಊರು ಬಿಟ್ಟ ಅಣ್ಣತಮ್ಮಂದಿರು ಅಲೆಯುತ್ತ ಪಂಜಕ್ಕೆ ಬರುತ್ತಾರೆ. ಆ ಪಂಜವೇ ನಮ್ಮ ಲೇಖಕರ ಮನೆತನಕ್ಕೆ ಹೆಸರು ಕೊಟ್ಟ ಊರು. ಅಲ್ಲಿ ಸೆರೆಯಾಗಿ, ಸೆರೆ ಮುರಿದು ಎಣ್ಮೂರಿಗೆ ಹೋಗಿ, ಅಲ್ಲಿಯ ಯುದ್ಧದಲ್ಲಿ ಕೋಟಿ ಬೀಳುತ್ತಾನೆ. ಅಣ್ಣನಿಲ್ಲದೆ ಚೆನ್ನಯನೂ ಉಳಿಯುವುದಿಲ್ಲ. ಸತ್ತ ಮೇಲೆ ಇಬ್ಬರೂ ಜನ ಪೂಜಿಸುವ ಬೈದ್ಯರಾಗುತ್ತಾರೆ. ನಮ್ಮ ಹುಡುಗ ಈ ಪುಸ್ತಕಕ್ಕೆ ಆರು ದಿನ ತೆಗೆದುಕೊಂಡ. ಓದಿ ಮುಗಿಸಿ ಅವನು ಕೇಳಿದ ಮೊದಲ ಪ್ರಶ್ನೆ ಭೂತ ನಿಜವೇ ಎಂಬುದಲ್ಲ; ಬಲ್ಲಾಳ ಅವರಿಗೆ ಏಕೆ ನ್ಯಾಯ ಕೊಡಲಿಲ್ಲ ಎಂಬುದು.

ಪಂಜೆಯವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಭೆಗಳಲ್ಲಿ ತಮ್ಮ ಹಾಡುಗಳನ್ನು ಅಭಿನಯಿಸಿ ಹಾಡುವುದು ಅವರ ರೂಢಿಯಾಗಿತ್ತು. 1937ನೆಯ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಅವರು ಬರೆದ ಅಣ್ಣತಮ್ಮಂದಿರಿಗೆ ತುಳುನಾಡಿನ ಗರಡಿಗಳಲ್ಲಿ ಇಂದಿಗೂ ರಾತ್ರಿಯಿಡೀ ನೇಮ ನಡೆಯುತ್ತದೆ. ದೀವಟಿಗೆಯ ಬೆಳಕಿನಲ್ಲಿ ತಾಯಂದಿರ ಮಗ್ಗುಲಿಗೆ ಒತ್ತಿ ಕುಳಿತ ಮಕ್ಕಳು ಹೆದರುತ್ತಲೇ ಕಣ್ಣು ಮುಚ್ಚದೆ ನೋಡುತ್ತಿರುತ್ತಾರೆ.